ಹತ್ತಕ್ಕೆ ಎಷ್ಟು

ಹಳೆಯ ಗೆಳೆಯ ರಾಕೇಶ ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ಬಂದು ಕೊಪ್ಪದ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿದಾಗ ಕಿರಣ ಒಂದು ಸ್ಟೀಲ್ ಕೊಡದ ಕುತ್ತಿಗೆಗೆ ಹೆಸರು ಹಾಕುತ್ತಿದ್ದ. ಹೆಸರು ಹಾಕುವ ಮಷಿನ್ ಗುಂಯ್ ಎನ್ನುವಾಗ ಅವನಿಗೆ ಯಾರ ಮಾತೂ ಕೇಳಿಸುವುದಿಲ್ಲ. ಕೇಳಿಸದಿರುವುದು ಅವನಿಗೆ ಅನುಕೂಲವೂ ಹೌದು, ಏಕೆಂದರೆ ಗಲ್ಲಾ ಪೆಟ್ಟಿಗೆಯ ಹಿಂದೆ ಕೂರುವವರು ಅವನ ತಂದೆ ಶಿವಶಂಕರಪ್ಪ. ಅಪ್ಪ ಮಗ ಇಪ್ಪತ್ತು ವರ್ಷದಿಂದ ಒಂದೇ ಸೂರಿನ ಕೆಳಗೆ ವ್ಯಾಪಾರ ಮಾಡುತ್ತಾರೆ. ಲೋಟ ಎಷ್ಟು ಉಳಿದಿದೆ, ಕುಕ್ಕರಿನ ಗ್ಯಾಸ್ಕೆಟ್ ಬಂತೇ, ಈ ಚೊಂಬಿಗೆ ಯಾರ ಹೆಸರು, ಇಷ್ಟೇ ಅವರ ಮಾತು. ಪಾತ್ರೆಯಿಂದ ಆಚೆಗಿನ ಲೋಕದ ಬಗ್ಗೆ ಒಬ್ಬರಿಗೊಬ್ಬರು ಹೇಳುವುದು ಏನೂ ಇಲ್ಲ.

"ಎಂತ ಮಾರಾಯ, ಕಿವಿ ಮಾರ್ಕೊಂಡ್ಯಾ?" ಎಂದು ರಾಕೇಶ ಅವನ ಭುಜ ಅಲ್ಲಾಡಿಸಿದ. "ನಿಂದೊಂದು ಸಾಮಾನು ನನ್ನ ಹತ್ರ ಉಳ್ಕೊಂಡಿತ್ತು. ಮನೆಗೆ ಬಣ್ಣ ಹೊಡಿಸ್ತಾ ಅಟ್ಟ ಖಾಲಿ ಮಾಡಿದ್ವಿ, ಸಿಕ್ತು."

ಅವನು ಚೀಲದಿಂದ ತೆಗೆದದ್ದು ಒಂದು ಹಳೆಯ ಕಂಪಾಸ್ ಬಾಕ್ಸು. ಒಳಗೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒಂದು ಕ್ರಿಕೆಟ್ ಕಾರ್ಡು. ಆಗೆಲ್ಲ ಬಬಲ್ ಗಮ್ಮಿನ ಪ್ಯಾಕೆಟ್ಟಿನ ಜೊತೆ ಬರುತ್ತಿದ್ದವಲ್ಲ, ಅಂಥದ್ದು. ಇನ್ನೂ ಮೀಸೆ ಸರಿಯಾಗಿ ಮೂಡದ ಒಬ್ಬ ಬ್ಯಾಟ್ಸ್‌ಮನ್, ಅವನ ಮೊದಲ ವರ್ಷದ ಕಾರ್ಡು. ಮುಂದೆ ಅವನು ಎಷ್ಟು ದೊಡ್ಡ ಆಟಗಾರನಾದನೆಂದರೆ ಶಿವಶಂಕರಪ್ಪನವರಿಗೂ ಅವನ ಹೆಸರು ಗೊತ್ತು.

"ಫೋನಲ್ಲಿ ವೀಡಿಯೋ ನೋಡ್ದೆ ಕಣೋ. ಇದೇ ಕಾರ್ಡು. ಲಕ್ಷಗಟ್ಟಲೆ ಹೋಗ್ತದಂತೆ," ಎಂದು ರಾಕೇಶ ದನಿ ತಗ್ಗಿಸದೆ ಹೇಳಿದ. "ಇಟ್ಕೊಂಡ್ಬಿಡು ಅಂತ ನನ್ನ ಹೆಂಡ್ತಿ ಅಂದ್ಲು. ನಂಗೆ ನಿದ್ದೆ ಬರ್ಲಿಲ್ಲ. ತಗೋ."

ಕಿರಣ ಮಷಿನ್ ಆರಿಸಿ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಶಿವಶಂಕರಪ್ಪ ತಲೆ ಎತ್ತಲಿಲ್ಲ. ಚಿಲ್ಲರೆ ಎಣಿಸುತ್ತಿದ್ದವರು ಇನ್ನೊಮ್ಮೆ ಮೊದಲಿನಿಂದ ಎಣಿಸಿದರು.

ಅವರು ತಲೆ ಎತ್ತದಿದ್ದುದಕ್ಕೆ ಕಾರಣ ಕೊಪ್ಪದ ಮುಖ್ಯರಸ್ತೆಯಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತು. ಕಿರಣ ಪಿಯುಸಿ ಎರಡನೇ ವರ್ಷದಲ್ಲಿ ಫೇಲಾದ ದಿನ ಶಿವಶಂಕರಪ್ಪ ಅವನ ಬಿಸ್ಕತ್ತಿನ ಡಬ್ಬಿಯನ್ನು ಹುಡುಕಿ ತೆಗೆದು, ಅದರಲ್ಲಿದ್ದ ಕಾರ್ಡುಗಳನ್ನೆಲ್ಲ ಬಚ್ಚಲ ಒಲೆಗೆ ಸುರಿದಿದ್ದರು. ಮಗ ಬೇಡ ಬೇಡ ಎನ್ನುತ್ತಿದ್ದ. ಕಾರ್ಡುಗಳು ಚೆನ್ನಾಗಿ ಉರಿದವು, ನೀರು ಬೇಗ ಕಾಯಿತು. ಆ ನೀರಿನಲ್ಲಿ ಮೊದಲು ಸ್ನಾನ ಮಾಡಿದವನು ಅಣ್ಣ ಸೋಮನಾಥ್. ಪರೀಕ್ಷೆಗೆ ಮುಂಚೆ ಕಣ್ಣೆದುರು ಇರಬಾರದೆಂದು ಒಂದು ಕಾರ್ಡನ್ನು ಕಿರಣ ರಾಕೇಶನ ಕೈಗೆ ಕೊಟ್ಟಿದ್ದ. ಉಳಿದವು ಉರಿದ ಮರುದಿನ ರಾಕೇಶ ತಂದುಕೊಟ್ಟರೆ, "ನೀನೇ ಇಟ್ಕೋ, ನಂಗೆ ಬೇಡ" ಎಂದು ಬಾಗಿಲು ಹಾಕಿಕೊಂಡಿದ್ದ. ಈಗ ಆ ಕಾರ್ಡು ಮನೆಗೆ ಬಂದಿದೆ.

ಅಂಗಡಿಯ ಮೇಲೆಯೇ ಮನೆ. ರಾತ್ರಿ ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ. ತಾಯಿ ಗಂಗಾಂಬಿಕೆ ಬೇಯಿಸುತ್ತಿದ್ದರು, ಸೋಮನಾಥನ ಹೆಂಡತಿ ರಶ್ಮಿ ಬಡಿಸುತ್ತಿದ್ದಳು. ಸೋಮನಾಥ್ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದ.

"ಶಿವಮೊಗ್ಗದಲ್ಲಿ ಒಬ್ಬನಿದಾನೆ. ಫೋಟೋ ಕಳ್ಸಿದ್ದೆ. ಹಾಗೇ ಕೊಟ್ರೆ ಮೂವತ್ತು ಸಾವಿರ ಅಂದ. ನಾಳೆ ಬಾ ಅಂದ್ರೆ ನಾಳೆ ಬರ್ತಾನೆ," ಎಂದ ಸೋಮನಾಥ್.

"ಹಾಗೇ ಕೊಡೋದಿಲ್ಲ ಅಣ್ಣ," ಎಂದ ಕಿರಣ. "ಗ್ರೇಡಿಂಗ್ ಮಾಡಿಸ್ಬೇಕು."

"ಹಾಗಂದ್ರೆ ಎಂತದೋ?" ಎಂದು ಗಂಗಾಂಬಿಕೆ ಒಲೆಯ ಮುಂದಿನಿಂದಲೇ ಕೇಳಿದರು.

"ಅಮೆರಿಕದಲ್ಲಿ ಕಂಪನಿ ಇದೆ ಅಮ್ಮ. ಕಾರ್ಡು ಕಳಿಸಿದ್ರೆ ಭೂತಗನ್ನಡಿ ಇಟ್ಟು ನೋಡ್ತಾರೆ. ಚಿತ್ರ ನಡುಮಧ್ಯ ಕೂತಿದ್ಯಾ, ಮೂಲೆ ಸವೆದಿದ್ಯಾ, ಅಂಚು ನೆಟ್ಟಗಿದ್ಯಾ, ಮೈಮೇಲೆ ಗೀರು ಕಲೆ ಇದ್ಯಾ ಅಂತ. ನಾಲ್ಕಕ್ಕೂ ಬೇರೆಬೇರೆ ಹತ್ತಕ್ಕೆ ಇಷ್ಟು ಅಂತ ನಂಬರ್ ಕೊಡ್ತಾರೆ. ಆಮೇಲೆ ಒಂದು ಒಟ್ಟು ನಂಬರ್. ಗಟ್ಟಿ ಪ್ಲಾಸ್ಟಿಕ್ಕಲ್ಲಿ ಸೀಲ್ ಮಾಡಿ ವಾಪಸ್ ಕಳಿಸ್ತಾರೆ."

"ಹೆಣ್ಣು ನೋಡೋಕೆ ಬಂದೋರ ಹಾಗೆ," ಎಂದಳು ರಶ್ಮಿ. "ಅವರು ಸೀಲ್ ಮಾಡೋದೊಂದು ಬಾಕಿ."

"ಹತ್ತು ಬಂದ್ರೆ ಮೂರು ಲಕ್ಷದ ಮೇಲೆ ಹೋಗ್ತದೆ. ಒಂಬತ್ತಾದ್ರೆ ಎಪ್ಪತ್ತೋ ಎಂಬತ್ತೋ ಸಾವಿರ. ಎಂಟಕ್ಕೆ ಇಳಿದ್ರೆ ಖರ್ಚು ಕಳೆದು ಅಣ್ಣನ ಶಿವಮೊಗ್ಗದವನು ಕೊಡೋದೂ ಹುಟ್ಟೋದಿಲ್ಲ."

"ಮತ್ತೆ? ಕೈಯಲ್ಲಿರೋ ಮೂವತ್ತು ಬಿಟ್ಟು ಎಂತಕ್ಕೆ ಹಾರ್ಬೇಕು?" ಸೋಮನಾಥನಿಗೆ ಶೃಂಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆಯ ಮೇಲೆ ಕಣ್ಣು. ಮಿಕ್ಸಿ, ಗ್ರೈಂಡರ್ ಇಟ್ಟು ಬೇರೆ ವ್ಯಾಪಾರ ಶುರುಮಾಡಬೇಕೆಂದು ಎರಡು ವರ್ಷದಿಂದ ಮನೆಯವರ ಪ್ರಾಣ ತಿನ್ನುತ್ತಿದ್ದಾನೆ. "ಅಪ್ಪಾಜಿ, ನೀವಾದ್ರೂ ಹೇಳಿ."

ಶಿವಶಂಕರಪ್ಪ ತಟ್ಟೆಯನ್ನೇ ನೋಡುತ್ತಾ ಹೇಳಿದರು. "ಮಾರಿ ಕೈ ತೊಳ್ಕೊಳ್ಳಿ. ಅಮೆರಿಕ ಗಿಮೆರಿಕ ಎಲ್ಲ ಬೇಡ. ಜೂಜು ಅದು."

"ಕಾರ್ಡು ನಂದು," ಎಂದ ಕಿರಣ. ಅಪ್ಪನ ಕಡೆ ತಿರುಗದೆ ಪಲ್ಯದ ಪಾತ್ರೆಗೆ ಹೇಳಿದ ಹಾಗೆ ಹೇಳಿದ.

ಆ ರಾತ್ರಿ ಶಿವಶಂಕರಪ್ಪ ಎರಡನೇ ರೊಟ್ಟಿ ಹಾಕಿಸಿಕೊಳ್ಳಲಿಲ್ಲ. ಗಂಗಾಂಬಿಕೆ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದರು. ಹೊಟ್ಟೆ ಸರಿಯಾಗಿಯೇ ಇತ್ತು.

ಸುದ್ದಿ ಕೊಪ್ಪದಲ್ಲಿ ಹರಡಲು ಎಷ್ಟು ಹೊತ್ತು? ಬೇಕರಿಯವನು ಬಂದು ನೋಡಿದ. ಮೆಡಿಕಲ್ ಅಂಗಡಿಯವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಲೋಟ ಕೊಳ್ಳಲು ಬಂದವರು ಲೋಟ ಬಿಟ್ಟು ಕಾರ್ಡು ತೋರಿಸಿ ಎಂದರು. ಕಿರಣನಿಗೆ ಮೊದಮೊದಲು ಮುಜುಗರ, ಆಮೇಲಾಮೇಲೆ ಖುಷಿ. ಮದುವೆಯಿಲ್ಲ, ಓದಿಲ್ಲ, ಪಾತ್ರೆಗೆ ಹೆಸರು ಕೆತ್ತುವವನು ಎಂದಷ್ಟೇ ಊರಿಗೆ ಗೊತ್ತಿದ್ದ, ನಲವತ್ತರ ಹತ್ತಿರ ಬಂದ ಗಂಡಸು. ಈಗ ಜನ ಅವನನ್ನು ಹೆಸರು ಹಿಡಿದು ಕೂಗಿ ಕೇಳುತ್ತಿದ್ದಾರೆ. ಮೇಲೆ ಮನೆಗೆ ಕರೆದೊಯ್ದು, ತೊಳೆದ ಕೈಯಲ್ಲಿ ಬಾಕ್ಸು ತೆರೆದು, ಮುಟ್ಟಬೇಡಿ ಎಂದು ತೋರಿಸುತ್ತಿದ್ದ. ಆಹಾ ಎನ್ನುತ್ತಿದ್ದರು, ಹೊಚ್ಚ ಹೊಸದರ ಹಾಗಿದೆಯಲ್ಲ ಎನ್ನುತ್ತಿದ್ದರು. ಗಂಗಾಂಬಿಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಂದವರ ಮುಖಗಳನ್ನು ನೋಡುತ್ತಿದ್ದರು. ಅವರಿಗೆ ಈ ಆಹಾಗಳು ಹಿಡಿಸುತ್ತಿರಲಿಲ್ಲ.

ನೋಡಿದವರೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಿದ್ದರು. ಅದನ್ನು ಬಾಯಿಬಿಟ್ಟು ಎಲ್ಲರೆದುರು ಕೇಳಿದವರು ಶಿವಶಂಕರಪ್ಪನವರ ಅಕ್ಕ ವೀರಮ್ಮ. ನರಸಿಂಹರಾಜಪುರದಿಂದ ಕಾರ್ಡು ನೋಡಲೆಂದೇ ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ, "ಅಲ್ಲ ಶಿವಶಂಕರ, ಒಂದಕ್ಕೇ ಮೂರು ಲಕ್ಷ ಅಂದ್ರೆ ನೀನು ಒಲೆಗೆ ಹಾಕಿದ ಡಬ್ಬೀಲಿ ಎಷ್ಟಿತ್ತೋ?" ಎಂದರು.

"ಇನ್ನೂ ಮೂರು ಲಕ್ಷ ಅಂತ ಯಾರು ಹೇಳಿದ್ದು?" ಎಂದರು ಶಿವಶಂಕರಪ್ಪ. "ಅಮೆರಿಕದವರು ನೋಡ್ಬೇಕಂತೆ. ಅವರು ಮೂರು ಕಾಸಿಗೂ ಬೇಡ ಅನ್ಬಹುದು."

"ಅಂದ್ರೆ ನಿಂಗೆ ಹಾಗೇ ಆಗ್ಲಿ ಅಂತಿದ್ಯಾ?"

"ನಂಗೆ ಎಂತದೂ ಇಲ್ಲ ಅಕ್ಕ. ದೇವಸ್ಥಾನಕ್ಕೆ ಹೋಗ್ಬೇಕು." ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೇಬಿಟ್ಟರು. ಅದು ದೇವಸ್ಥಾನಕ್ಕೆ ಹೋಗುವ ಹೊತ್ತೇ ಅಲ್ಲ, ಬಾಗಿಲು ಹಾಕಿರುತ್ತದೆ.

ವೀರಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹತ್ತು ಬಂದರೆ ತಾನು ಸುಟ್ಟದ್ದು ಏನು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ತನಗೇ ಗೊತ್ತಾಗುತ್ತದೆ ಎಂಬ ಭಯ ಶಿವಶಂಕರಪ್ಪನವರನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಅಂಗಡಿಗೆ ಬೆಳಿಗ್ಗೆ ಬೇಗ ಇಳಿಯುತ್ತಿದ್ದರು. ಜೋಡಿಸಿಟ್ಟ ತಟ್ಟೆಗಳನ್ನು ಇಳಿಸಿ ಮತ್ತೆ ಜೋಡಿಸುತ್ತಿದ್ದರು. ಕಾರ್ಡನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ನೋಡಲು ಬಂದವರ ಗುಂಪು ಮೇಲೆ ಹೋದರೆ ಅವರು ಕೆಳಗಿರುತ್ತಿದ್ದರು, ಗುಂಪು ಕೆಳಗಿಳಿದರೆ ಮೇಲೆ ಹೋಗುತ್ತಿದ್ದರು.

ಕಿರಣನಿಗೂ ನೆಮ್ಮದಿಯಿರಲಿಲ್ಲ. ವಾಚ್ ರಿಪೇರಿಯವನಿಂದ ಕಣ್ಣಿಗಿಡುವ ಲೆನ್ಸ್ ತಂದು ಟ್ಯೂಬ್‌ಲೈಟಿನ ಕೆಳಗೆ ಕಾರ್ಡನ್ನು ಓರೆ ಹಿಡಿದು ನೋಡುತ್ತಿದ್ದ. ಒಂದು ದಿನ ಬಲ ಮೂಲೆ ಚೂರು ಬಿಳಿಯಾಗಿದೆ ಅನಿಸುತ್ತಿತ್ತು, ಮರುದಿನ ಇಲ್ಲ ಅನಿಸುತ್ತಿತ್ತು. ಚಿತ್ರದ ಎಡಬಲದ ಬಿಳಿ ಪಟ್ಟಿಗಳನ್ನು ಸ್ಕೇಲಿಟ್ಟು ಅಳೆದ. ಬೆಂಗಳೂರಿನಲ್ಲಿ ಹತ್ತಾರು ಜನರ ಕಾರ್ಡು ಒಟ್ಟು ಸೇರಿಸಿ ಅಮೆರಿಕಕ್ಕೆ ಕಳಿಸುವ ಒಬ್ಬನಿದ್ದ. ಅವನಿಗೆ ಫೋಟೋ ಕಳಿಸಿ ಕಳಿಸಿ ತಲೆ ತಿಂದ. ಒಂಬತ್ತಕ್ಕೆ ಮೋಸವಿಲ್ಲ ಸಾರ್, ಹತ್ತು ಹಣೆಬರಹ ಎಂದು ಅವನು ಹೇಳಿದ. ಒಂಬತ್ತು ಬಂದರೂ ಮಾಡಿಸಿದ್ದಕ್ಕೆ ಅರ್ಥವಿದೆ, ಎಂಟು ಬಂದರೆ ಮನೆಯವರೆಲ್ಲ ಸೇರಿ ಆಡಿಕೊಳ್ಳುತ್ತಾರೆ. ಈ ಲೆಕ್ಕದಲ್ಲೇ ಒಂದು ವಾರ ಕಳೆದು, ಕೊನೆಗೆ ತನ್ನ ಉಳಿತಾಯದಿಂದ ಫೀಸು ಕಟ್ಟಿದ.

ಅವತ್ತು ಮಧ್ಯಾಹ್ನ ರಶ್ಮಿ ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಕಿರಣ ಕಾಗೆ ಓಡಿಸಲು ಬಂದವನ ಹಾಗೆ ಬಂದು ಕುಳಿತ.

"ದುಡ್ಡು ಕಟ್ದೆ ಅತ್ತಿಗೆ."

"ನಿಮ್ಮಣ್ಣ ಬೆಳಗ್ಗೆಯಿಂದ ಉರೀತಿದಾರೆ, ಗೊತ್ತಾಯ್ತು ಬಿಡು." ರಶ್ಮಿ ಹಪ್ಪಳ ಮಗುಚುತ್ತಾ ಕೇಳಿದಳು, "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿಂಗೆ ಅದರ ದುಡ್ಡು ಬೇಕಾ, ನಂಬರ್ ಬೇಕಾ?"

"ನಂಬರು."

"ಯಾರಿಗೆ ತೋರ್ಸೋಕೆ?"

ಕಿರಣ ಬಾರದ ಕಾಗೆಗೆ ಹುಶ್ ಎಂದ.

"ಮಾವನಿಗೆ ತಾನೇ? ಅವರಿಗೆ ಎಪ್ಪತ್ತೆರಡಾಯ್ತು ಕಿರಣ. ಊಟ ಬಿಟ್ಟಿದಾರೆ, ನೋಡಿದ್ಯಾ?"

"ನಾನೂ ಆಗ ಊಟ ಬಿಟ್ಟಿದ್ದೆ. ಅವತ್ತು ನೀವು ಈ ಮನೇಲಿರಲಿಲ್ಲ. ಅಪ್ಪಾಜಿ ಕೇಳಿದ್ದು ಒಂದೇ ಮಾತು, ನೀರು ಕಾಯ್ತಾ ಅಂತ. ಅವರು ಒಂದ್ಸಲ ತಪ್ಪಾಯ್ತು ಅಂದಿದ್ರೆ ಈ ಕಾರ್ಡನ್ನ ನಾನು ರಾಕೇಶನಿಗೇ ಕೊಟ್ಟುಬಿಡ್ತಿದ್ದೆ." ಅವನ ದನಿ ಏರಿತು. "ಇದು ಕಸ ಅಲ್ಲ ಅಂತ ಯಾರಾದ್ರೂ ಬರೆದು ಕೊಡ್ಬೇಕು. ನಾನು ಹೇಳಿದ್ರೆ ಯಾರೂ ನಂಬೋದಿಲ್ವಲ್ಲ."

ರಶ್ಮಿ ಒಣಗಿದ ಹಪ್ಪಳಗಳನ್ನು ಮೊರದಲ್ಲಿ ತುಂಬಿಕೊಂಡು ಕೆಳಗಿಳಿದಳು.

ಪಾರ್ಸೆಲ್ ಕಟ್ಟುವ ಭಾನುವಾರ ಬಂತು. ಬೆಂಗಳೂರಿನವನು ಎರಡೂ ಕಡೆಯ ಫೋಟೋ ಕೊನೆಯ ಬಾರಿ ಕೇಳಿದ್ದ. ಕಿರಣ ಸ್ನಾನ ಮಾಡಿ, ಬಿಳಿ ಪಂಚೆ ಹಾಸಿ, ಕಾರ್ಡನ್ನು ಮುಖ ಮೇಲಾಗಿ ಇಟ್ಟು ಫೋಟೋ ತೆಗೆದ. ಆಮೇಲೆ ತಿರುಗಿಸಿದ.

ಹಿಂಬದಿಯ ಕೆಳಮೂಲೆಯ ಹತ್ತಿರ ಒಂದು ಕಪ್ಪು ಕಲೆ. ಸಾಸಿವೆ ಕಾಳಿನಷ್ಟು, ದುಂಡಗೆ. ಧೂಳಿರಬೇಕೆಂದು ಊದಿದ. ಹೋಗಲಿಲ್ಲ. ಲೆನ್ಸ್ ಇಟ್ಟು ನೋಡಿದರೆ ಕಲೆ ಕಾಗದದ ಒಳಕ್ಕೇ ಇಳಿದಿತ್ತು.

ನಡುಮನೆಯಲ್ಲಿ ಶಿವಶಂಕರಪ್ಪ ತಿಂಡಿಗೆ ಕುಳಿತಿದ್ದರು. ಕಡುಬು, ಕಾಯಿಚಟ್ನಿ. ಸೋಮನಾಥ್ ಎದುರಿಗಿದ್ದ. ಕಿರಣ ಕಾರ್ಡನ್ನು ಅಂಗೈ ಮೇಲಿಟ್ಟುಕೊಂಡು ಬಂದು ಅಪ್ಪನ ತಟ್ಟೆಯ ಮುಂದೆ ನಿಂತ.

"ಸುಟ್ಟಿದ್ದು ಸಾಕಾಗ್ಲಿಲ್ವಾ ಅಪ್ಪಾಜಿ?"

ಶಿವಶಂಕರಪ್ಪ ಮುಖ ಎತ್ತಿದರು.

"ಇದೊಂದು ಉಳಿದಿತ್ತು. ಇದಕ್ಕೂ ಮಸಿ ಹಚ್ಚಿದ್ರಲ್ಲ? ನಂಬರ್ ಬಂದ್ರೆ ನಿಮ್ಮ ಮಾನ ಹೋಗ್ತದೆ ಅಂತ ತಾನೇ? ಮಾರು ಮಾರು ಅಂದ್ರಿ, ನಾನು ಕೇಳ್ಲಿಲ್ಲ. ಅದಕ್ಕೆ ಹೀಗೆ ಮಾಡಿದ್ರಿ. ಮಗ ಕೆಟ್ಟರೂ ಅಡ್ಡಿಲ್ಲ, ನೀವು ಮಾಡಿದ್ದು ಸರಿ ಅಂತ ಆಗ್ಬೇಕು. ಎಂಥಾ ಮನುಷ್ಯ ನೀವು?"

"ಕಿರಣ, ಬಾಯಿ ಬಿಗಿಹಿಡಿದು ಮಾತಾಡು!" ಎಂದು ಸೋಮನಾಥ್ ಎದ್ದ. ಎದ್ದವನು ಕಾರ್ಡಿನ ಕಲೆ ನೋಡಿ, "ಅಯ್ಯೋ, ಮೂವತ್ತು ಸಾವಿರ!" ಎಂದ.

ಶಿವಶಂಕರಪ್ಪನವರ ಕೈ ಕಡುಬಿನ ಮೇಲೇ ನಿಂತಿತ್ತು.

ಅಡುಗೆಮನೆಯಿಂದ ಗಂಗಾಂಬಿಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಅವರು ಅದನ್ನ ಕಣ್ಣೆತ್ತಿ ಸಹಿತ ನೋಡಿಲ್ಲ ಕಣೋ. ಅವರಿಗೆ ಯಾಕೆ ಅಂತೀಯ? ನಾನಿಟ್ಟಿದ್ದು."

"ನೀನಾ? ಎಂತಕ್ಕಮ್ಮ?"

"ದೃಷ್ಟಿ ಬೊಟ್ಟು." ಅವರಿಗೆ ಇದರಲ್ಲಿ ಕೇಳುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ. "ಊರಲ್ಲಿರೋರೆಲ್ಲ ಬಂದು ಆಹಾ ಆಹಾ ಅಂತ ನೋಡಿಹೋದ್ರು. ಆ ಮೆಡಿಕಲ್ ಅಂಗಡಿಯವನ ಹೆಂಡ್ತಿ ಕಣ್ಣು ಒಳ್ಳೇದಲ್ಲ. ನಿಮ್ಮತ್ತೆ ವೀರಮ್ಮನ ಕಣ್ಣಂತೂ ಬಿಡು. ಅಷ್ಟು ದೂರ, ಸಮುದ್ರ ದಾಟಿ ಹೋಗೋ ವಸ್ತು. ಹಾಗೇ ಕಳಿಸೋಕಾಗ್ತದಾ? ಮುಂದೆ ಇಟ್ರೆ ಹುಡುಗನ ಮುಖ ಹಾಳಾಗ್ತದೆ ಅಂತ ಹಿಂದೆ ಮೂಲೇಲಿ ಚೂರೇ ಚೂರು ಕಾಡಿಗೆ ಇಟ್ಟೆ. ಯಾಕೆ, ತಪ್ಪಾಯ್ತಾ?"

ರಶ್ಮಿ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿಗೆ ಸೆರಗು ಹಿಡಿದಳು. ಅವಳಿಗೆ ನಗು ಬಂತೋ ಅಳು ಬಂತೋ, ಅವಳಿಗೇ ಸರಿಯಾಗಿ ಗೊತ್ತಾಗಲಿಲ್ಲ.

"ಅಮ್ಮ, ಕಲೆ ಇಲ್ಲದಿದ್ರೇ ಅದಕ್ಕೆ ಬೆಲೆ!" ಸೋಮನಾಥ್ ಕೂಗಿದ. "ಒಂದು ಚುಕ್ಕಿ ಇರಬಾರ್ದು ಅಂತ ಇವನು ತಿಂಗಳಿಂದ ಬಡ್ಕೊಳ್ತಿದಾನೆ, ನೀನು ಹೋಗಿ ಚುಕ್ಕಿ ಇಟ್ಟಿದೀಯಲ್ಲ! ತಲೆಗಿಲೆ ಇದ್ಯಾ ನಿಂಗೆ?"

"ಅವಳಿಗೆ ಬಯ್ಬೇಡ," ಎಂದರು ಶಿವಶಂಕರಪ್ಪ. ಮೆತ್ತಗೇ ಹೇಳಿದರು, ಆದರೆ ಸೋಮನಾಥ್ ಕುಳಿತುಬಿಟ್ಟ. ಅವರು ಕಿರಣನ ಕಡೆ ತಿರುಗಿದರು. "ಫೀಸ್ ಕಟ್ಟಿದ್ದಾಗಿದ್ಯಾ?"

"ಹೂಂ."

"ವಾಪಸ್ ಕೊಡ್ತಾರಾ?"

"ಇಲ್ಲ."

"ಹಾಗಾದ್ರೆ ಕಳ್ಸು."

"ಇನ್ನೆಂತಕ್ಕೆ? ಒಟ್ಟು ನಂಬರ್ ಬಿದ್ದೇ ಹೋಗ್ತದೆ."

"ಒಟ್ಟು ನಂಬರ್ ಬೀಳ್ಲಿ. ನಾಲ್ಕಕ್ಕೂ ಬೇರೆಬೇರೆ ಕೊಡ್ತಾರೆ ಅಂದ್ಯಲ್ಲ. ಮೈಗೆ ಕಡಿಮೆ ಕೊಡ್ತಾರೆ, ಸರಿ. ಉಳಿದ ಮೂರು ಬರ್ತದಲ್ಲ?" ಶಿವಶಂಕರಪ್ಪ ಕೈ ತೊಳೆಯಲು ಎದ್ದರು. "ನಂಗೆ ಗೊತ್ತಾಗ್ಬೇಕು."

ಸುಮ್ಮನೆ ನಿಮ್ಮ ಮೇಲೆ ಹಾಕಿದೆ ಎಂಬ ಮಾತು ಕಿರಣನ ಬಾಯಿಯವರೆಗೆ ಬಂತು. ಅಪ್ಪ ಅಲ್ಲೇ ಇದ್ದರು, ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನ ಕೊರಿಯರ್ ಆಫೀಸಿಗೆ ಅವನು ಹೊರಟಾಗ ಶಿವಶಂಕರಪ್ಪನವರೂ ಹೊರಟರು. ದಾರಿಯಲ್ಲಿ ಮಾತಿಲ್ಲ. ಪಾರ್ಸೆಲ್ಲಿಗೆ ಟೇಪು ಸುತ್ತುವ ಹುಡುಗಿಗೆ, "ಇನ್ನೊಂದು ಸುತ್ತು ಹಾಕಮ್ಮ" ಎಂದದ್ದು ಮಾತ್ರ ಅವರೇ.

ಆಮೇಲೆ ಕಾಯುವುದು. ಮದುವೆಯ ದಿನಗಳಾದ್ದರಿಂದ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಕೊಡ, ಕೊಳಗ, ಊಟದ ತಟ್ಟೆ, ಎಲ್ಲಕ್ಕೂ ಕೊಟ್ಟವರ ಹೆಸರು ಬೇಕು. ಮೇಲೆ ಮನೆಯಲ್ಲಿ ಸೋಮನಾಥ್ ಅಮ್ಮನೊಂದಿಗೆ ಸಿಡಿಸಿಡಿ ಎನ್ನುತ್ತಿದ್ದ. ಶಿವಮೊಗ್ಗದವನು ಕಲೆಯ ಫೋಟೋ ನೋಡಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ, ಶೃಂಗೇರಿಯ ಮಳಿಗೆಯನ್ನು ಬೇರೆ ಯಾರೋ ಹಿಡಿದರು. ಗಂಗಾಂಬಿಕೆಗೆ ಮಗನ ಸಿಟ್ಟು ಅರ್ಥವಾಗುತ್ತಿರಲಿಲ್ಲ.

"ಕೂಸಿದ್ದಾಗ ಇವನ ಕೆನ್ನೆಗೂ ಇಡ್ತಿದ್ದೆ, ಆಗ ಯಾರೂ ಏನೂ ಅನ್ಲಿಲ್ಲ," ಎಂದು ರಶ್ಮಿಯ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡರು.

"ಬಿಡಿ ಅತ್ತೆ. ಮಿಕ್ಸಿ ಮಾರೋ ಯೋಗ ಇವರಿಗೆ ಇರಲಿಲ್ಲ ಅಷ್ಟೇ. ಬನ್ನಿ, ಸಾರಿಗೆ ಒಗ್ಗರಣೆ ಹಾಕಿ, ನನ್ನ ಕೈ ಹಿಟ್ಟಾಗಿದೆ," ಎಂದಳು ರಶ್ಮಿ.

ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ಶಿವಶಂಕರಪ್ಪ ಕೇಳಿದರು, "ಎಲ್ಲಿಗೆ ಬಂತು?"

"ಯಾವುದು? ಇಡ್ಲಿ ಪಾತ್ರೆ ಲೋಡಾ?"

"ಅಲ್ಲ. ಅದು."

ಕಿರಣ ಫೋನು ತೆಗೆದು ನೋಡಿದ. "ತಲುಪಿದೆ. ಸಾಲಲ್ಲಿದೆ. ಇನ್ನೂ ನೋಡೋಕೆ ತಗೊಂಡಿಲ್ಲ."

"ಹೂಂ."

ಮೂರು ದಿನಕ್ಕೊಮ್ಮೆ ಅವರು ಹಾಗೆ ಕೇಳತೊಡಗಿದರು. ಆಮೇಲೆ ದಿನಾ ಕೇಳಿದರು. ಕಿರಣ ಕೇಳುವ ಮೊದಲೇ ಹೇಳುವಂತಾದ. ಪಾತ್ರೆಯಿಂದ ಆಚೆಗೆ ಅಪ್ಪ ಮಗನಿಗೆ ಒಂದು ವಿಷಯ ಸಿಕ್ಕಿತ್ತು. ಆದರೆ ಆ ವಿಷಯ ಯಾವತ್ತು ಬಂದು ಬಾಗಿಲು ತಟ್ಟುತ್ತದೋ ಎಂಬ ಹೆದರಿಕೆಯೂ ಇಬ್ಬರಿಗೂ ಇತ್ತು.

ಮದುವೆಗಳು ಮುಗಿಯುವ ಹೊತ್ತಿಗೆ ಪಾರ್ಸೆಲ್ ಬಂತು. ಗಂಗಾಂಬಿಕೆ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದ ಮೇಲೆಯೇ ಕತ್ತರಿ ಕೊಟ್ಟರು. ಈ ಸಲ ಯಾರೂ ತಡೆಯಲಿಲ್ಲ, ಹಚ್ಚಿದ್ದು ಡಬ್ಬಿಗೆ ತಾನೇ. ಒಳಗೆ ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಕಾರ್ಡು, ತಲೆಯ ಮೇಲೆ ಒಂದು ಚೀಟಿ.

"ಓದು," ಎಂದರು ಶಿವಶಂಕರಪ್ಪ.

"ಒಟ್ಟು ಐದು." ಕಿರಣ ಬೆರಳಿಟ್ಟು ಮುಂದಕ್ಕೆ ಓದಿದ. "ನಡುಮಧ್ಯ ಕೂತಿರೋದಕ್ಕೆ ಒಂಬತ್ತೂವರೆ. ಮೂಲೆ ಹತ್ತು. ಅಂಚು ಹತ್ತು. ಮೈ ನಾಲ್ಕು."

"ಎರಡು ಹತ್ತು!" ಗಂಗಾಂಬಿಕೆಯ ಮುಖ ಅರಳಿತು. "ನೋಡಿದ್ರಾ? ಅಷ್ಟು ದೂರ ಹೋಗಿ ಒಂದು ಚೂರೂ ಮುಕ್ಕಾಗದೆ ಬಂದಿದೆ. ಸುಮ್ನೆ ನನ್ನ ಮೇಲೆ ಹಾರಾಡಿದ್ರಲ್ಲ. ಬೊಟ್ಟು ಇಡದಿದ್ರೆ ಎಂತಾಗ್ತಿತ್ತೋ!"

ಸೋಮನಾಥ್ ಬಾಯಿ ತೆರೆದ. ರಶ್ಮಿ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

"ಹೌದಮ್ಮ," ಎಂದ ಕಿರಣ.

ಗಂಗಾಂಬಿಕೆ ಪಾಯಸಕ್ಕೆ ಶಾವಿಗೆ ಹುರಿಯಲು ಒಳಗೆ ಹೋದರು. ಶಿವಶಂಕರಪ್ಪ ಕೈ ಚಾಚಿದರು. ಮಗ ಕೊಟ್ಟ. ಮೊದಲ ಬಾರಿಗೆ ಅವರು ಅದನ್ನು ನೋಡಿದರು. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಹುಡುಗ ಬ್ಯಾಟ್ಸ್‌ಮನ್ನನ ಮುಖ, ಮೂಲೆಗಳು, ಅಂಚು, ತಿರುಗಿಸಿ ಹಿಂದಿನ ಚುಕ್ಕಿ, ಎಲ್ಲವನ್ನೂ ಬಹಳ ಹೊತ್ತು ನೋಡಿದರು.

"ಬೊಟ್ಟು ಇಲ್ದಿದ್ರೆ?"

"ಒಂಬತ್ತೂವರೆ ಬರ್ತಿತ್ತು. ಹತ್ತೂ ಬರ್ತಿತ್ತೇನೋ."

"ಡಬ್ಬೀಲಿ ಇದ್ದವೂ ಹೀಗೇ ಇದ್ವಾ?"

ಈ ಪ್ರಶ್ನೆಗೆ ಕಿರಣ ಎಷ್ಟೋ ಸಲ ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದ. ಕೂಗಿ ಕೊಟ್ಟಿದ್ದ, ಅಪ್ಪ ತಲೆ ತಗ್ಗಿಸುವ ಹಾಗೆ ಕೊಟ್ಟಿದ್ದ. ಈಗ ಅಪ್ಪ ನಿಜವಾಗಿ ಕೇಳಿದರೆ ಅವನಿಗೆ ಸುಳ್ಳು ಹೇಳಿಬಿಡೋಣ ಅನಿಸಿತು. ಆದರೆ ಅವರು ಕೇಳಿದ ರೀತಿಗೆ ಸುಳ್ಳು ಹೇಳುವಂತಿರಲಿಲ್ಲ.

"ಹೀಗೇ ಇದ್ವು ಅಪ್ಪಾಜಿ. ಕೆಲವು ಇದಕ್ಕಿಂತ ಚೆನ್ನಾಗಿದ್ವು."

"ಹೂಂ," ಎಂದರು ಶಿವಶಂಕರಪ್ಪ. ಕಾರ್ಡನ್ನು ವಾಪಸ್ ಕೊಟ್ಟು ಎದ್ದು ಹೋದರು. ಕಿರಣ ಗೆದ್ದಿದ್ದ. ಆದರೂ ಪಾಯಸದ ಲೋಟ ಕೈಗೆ ಬಂದಾಗ ಅದನ್ನು ಅಣ್ಣನ ಕಡೆ ಸರಿಸಿದ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ನೆಮ್ಮಾರಿನಿಂದ ಬಂದ ಒಬ್ಬ ಹೆಂಗಸು ಮಗಳ ಸೀಮಂತಕ್ಕೆ ಒಂದು ದೊಡ್ಡ ಡಬರಿ ಆರಿಸಿ, ಹೆಸರು ಹಾಕಿಸಲು ಕಿರಣನ ಮುಂದೆ ನಿಂತಿದ್ದರು. ಬೇಗ ಆಗಲಿ, ಶೃಂಗೇರಿ ಬಸ್ಸಿಗೆ ಹೋಗಬೇಕು ಎಂದು ಅವಸರಿಸುತ್ತಿದ್ದರು. ಅಷ್ಟರಲ್ಲಿ ಬೇಕರಿಯವನು ಒಳಗೆ ಹಣಕಿದ.

"ಎಂತ ಮಾರಾಯ ಕಿರಣ, ಅಮೆರಿಕದಿಂದ ಬಂತಂತೆ? ಹೊಡೀತಾ ಲಾಟರಿ?"

ಕಿರಣ ಏನಾದರೊಂದು ಹೇಳಿ ಸಾಗಹಾಕಲು ಬಾಯಿ ತೆರೆಯುವುದರೊಳಗೆ ಗಲ್ಲಾದ ಹಿಂದಿನಿಂದ ಶಿವಶಂಕರಪ್ಪ ಮಾತಾಡಿದರು.

"ಹೊಡೀಬೇಕಿತ್ತು. ನಾನು ಸುಟ್ಟು ಹಾಕ್ದೆ."

ಬೇಕರಿಯವನು ನಕ್ಕ. "ಅಯ್ಯೋ ಯಜಮಾನ್ರೇ, ಅದು ಹಳೇ ಕತೆ..."

"ನಗೋದಲ್ಲ." ಶಿವಶಂಕರಪ್ಪ ಎದ್ದು ನಿಂತಿದ್ದರು. ಗಲ್ಲಾದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಇವನು ಪರೀಕ್ಷೇಲಿ ಫೇಲಾದ ಅಂತ ಕೋಪಕ್ಕೆ ಎಲ್ಲಾನೂ ಬಚ್ಚಲ ಒಲೆಗೆ ಹಾಕ್ದೆ. ಕಸ ಅಂದೆ. ಕಸ ಆಗಿರ್ಲಿಲ್ಲ. ಸಣ್ಣ ಹುಡುಗ, ಒಂದು ಮೂಲೆ ಸವೀದ ಹಾಗೆ ಜೋಪಾನ ಮಾಡಿಟ್ಟಿದ್ದ. ನಾನು ಒಂದು ನಿಮಿಷ ನೋಡ್ಲಿಲ್ಲ. ಯಾರು ಕೇಳಿದ್ರೂ ಹೇಳು, ತಪ್ಪು ನಂದು."

ಲೋಟ ಆರಿಸುತ್ತಿದ್ದ ಒಬ್ಬರು ಕೈಯಲ್ಲಿದ್ದುದನ್ನು ಸದ್ದಾಗದಂತೆ ಕೆಳಗಿಟ್ಟರು. ಬೇಕರಿಯವನು ಒಲೆ ಮೇಲೆ ಹಾಲಿಟ್ಟು ಬಂದೆ ಎಂದೇನೋ ಹೇಳಿ ಹೊರಟುಹೋದ.

"ಅಪ್ಪಾಜಿ," ಎಂದ ಕಿರಣ. "ಅವತ್ತು ಬೊಟ್ಟಿನ ವಿಷಯದಲ್ಲಿ ನಾನು ನಿಮಗೆ..."

"ಇರ್ಲಿ ಬಿಡು. ಅವರಿಗೆ ಬಸ್ಸಿದೆ. ಹೆಸರು ಹಾಕು."

ಕಿರಣ ಮಷಿನ್ ಹಾಕಿದ. ಸೂಜಿಯನ್ನು ಡಬರಿಯ ಅಂಚಿಗೆ ತಂದ. ಬರೆಯಬೇಕಾದ ಹೆಸರನ್ನು ಆ ಹೆಂಗಸು ಆಗಲೇ ಹೇಳಿದ್ದರು, ಅವನಿಗೆ ನೆನಪೂ ಇತ್ತು. ಆದರೆ ಕಣ್ಣು ತುಂಬಿ ಬಂದು ಪಾತ್ರೆಯೇ ಕಾಣದಾಯಿತು. ಮಷಿನ್ ಆರಿಸಿದ.

"ಸ್ವಲ್ಪ ತಡೀರಿ ಅಮ್ಮ," ಎಂದ.

ಆಕೆ ಒಮ್ಮೆ ಮಗನ ಕಡೆ, ಒಮ್ಮೆ ಅಪ್ಪನ ಕಡೆ ನೋಡಿದರು. ಆಮೇಲೆ ಬಸ್ಸಿನ ಮಾತೆತ್ತದೆ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತುಕೊಂಡರು.